ಚಾಥಮ್ ಕೌಂಟಿಯಲ್ಲಿ ಯುಎಸ್‌ಡಿಎ ಮನೆ ಸಾಲ: ಯಾವ ಮನೆಗೆ ಸಿಗುತ್ತದೆ, ಯಾರಿಗೆ ಸಿಗುತ್ತದೆ?

ಪ್ರಶ್ನೆ: ನಾವು ನಾರ್ತ್ ಕ್ಯಾರೊಲೈನಾದ ಮಾರಿಸ್ವಿಲ್‌ನಲ್ಲಿ ಬಾಡಿಗೆಗೆ ಇದ್ದೇವೆ. ನನಗೂ ಹೆಂಡತಿಗೂ ಗ್ರೀನ್ ಕಾರ್ಡ್ ಇದೆ. ಇಬ್ಬರು ಚಿಕ್ಕ ಮಕ್ಕಳು. ನನ್ನ ಸಂಬಳ ವರ್ಷಕ್ಕೆ 78,000 ಡಾಲರ್, ಹೆಂಡತಿಯದು 24,000. ನನ್ನ ತಮ್ಮ ಎಚ್-1ಬಿ ವೀಸಾದಲ್ಲಿದ್ದಾನೆ, ನಮ್ಮ ಜೊತೆಗೇ ಇದ್ದಾನೆ. ಅವನಿಗೆ 92,000 ಬರುತ್ತದೆ. ಪಕ್ಕದ ಚಾಥಮ್ ಕೌಂಟಿಯಲ್ಲಿ ಡೌನ್ ಪೇಮೆಂಟ್ ಇಲ್ಲದೆ ಯುಎಸ್‌ಡಿಎ ಸಾಲ ಸಿಗುತ್ತದೆ ಎಂದು ಗೆಳೆಯರು ಹೇಳಿದರು. ಎರಡು ಮನೆ ನೋಡಿದ್ದೇವೆ. ಒಂದು ಕೌಂಟಿಯ ಉತ್ತರದಲ್ಲಿದೆ, ಅದಕ್ಕೆ ಚಾಪೆಲ್ ಹಿಲ್ ವಿಳಾಸ. ಇನ್ನೊಂದು ಸೈಲರ್ ಸಿಟಿಯ ಹೊರಗೆ. ಆರು ಎಕರೆ, ಬೋರ್‌ವೆಲ್, ಸೆಪ್ಟಿಕ್, ಹಿಂದೆ ಒಂದು ಹಳೇ ಕೋಳಿ ಶೆಡ್, ನಾಲ್ಕು ಬೆಡ್‌ರೂಮ್, ಬೆಲೆ 320,000. ದಾವಣಗೆರೆಯ ಸೈಟ್ ಮಾರಿ ಹಣ ಕಳಿಸುತ್ತೇನೆ ಎಂದು ಅಪ್ಪ ಹೇಳುತ್ತಿದ್ದಾರೆ. ನಮಗೆ ಈ ಸಾಲ ಸಿಗುತ್ತದಾ? ಯಾವ ಮನೆಗೆ ಸಿಗುತ್ತದೆ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಆದರೆ ನಿಮ್ಮ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಮನೆಯನ್ನಲ್ಲ, ನಿಮ್ಮ ತಮ್ಮನ ಸಂಬಳವನ್ನು. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚೆ ಒಂದು ಮಾತು: ಈ ಉತ್ತರ ಓದಿ ಮುಗಿಸುವವರೆಗೆ ಯಾರಿಗೂ ಡ್ಯೂ ಡಿಲಿಜೆನ್ಸ್ ಫೀ, ಅಂದರೆ ಮನೆ ಪರಿಶೀಲಿಸಲು ಸಮಯ ಪಡೆಯುವುದಕ್ಕೆ ಕಟ್ಟುವ ದುಡ್ಡು, ಕೊಡಬೇಡಿ. ನಾರ್ತ್ ಕ್ಯಾರೊಲೈನಾದಲ್ಲಿ ಈ ದುಡ್ಡು ನೇರವಾಗಿ ಮಾರುವವರ ಕೈಗೆ ಹೋಗುತ್ತದೆ. ಸಾಲ ಸಿಗಲಿಲ್ಲ ಎಂದು ನೀವು ಹಿಂದೆ ಸರಿದರೆ ಅದು ವಾಪಸ್ ಬರುವುದಿಲ್ಲ. ಅರ್ನೆಸ್ಟ್ ಮನಿ, ಅಂದರೆ ಮುಂಗಡ, ಬೇರೆ; ಇದು ಬೇರೆ. ಅರ್ಹತೆಯೇ ಇಲ್ಲದ ಮನೆಗೆ ಈ ಫೀ ಕಟ್ಟಿ ಸಾವಿರಾರು ಡಾಲರ್ ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ. ಹತ್ತು ನಿಮಿಷದಲ್ಲಿ ಇಲಾಖೆಯ ಅರ್ಹತೆಯ ಮ್ಯಾಪ್ ನೋಡಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಈ ಸಾಲ ಏನು ಎಂದು ಚುಟುಕಾಗಿ ಹೇಳುತ್ತೇನೆ. 1949ರ ಹೌಸಿಂಗ್ ಆಕ್ಟ್‌ನ 502ನೇ ಸೆಕ್ಷನ್ ಅಡಿಯಲ್ಲಿ ಅಮೆರಿಕದ ಕೃಷಿ ಇಲಾಖೆ, ಅಂದರೆ ಯುಎಸ್‌ಡಿಎ, ಎರಡು ಬಗೆಯ ಮನೆ ಸಾಲ ನಡೆಸುತ್ತದೆ. ಒಂದು ಡೈರೆಕ್ಟ್. ಇಲಾಖೆಯೇ ಸಾಲ ಕೊಡುತ್ತದೆ. ಇದು ಕಡಿಮೆ ಮತ್ತು ತೀರಾ ಕಡಿಮೆ ಆದಾಯದವರಿಗೆ. ಸಬ್ಸಿಡಿ ಸೇರಿದರೆ ಬಡ್ಡಿ ಶೇ. 1ರವರೆಗೂ ಇಳಿಯುತ್ತದೆ. ಆದರೆ ಮನೆ ಮಾರುವಾಗ ಆ ಸಬ್ಸಿಡಿಯಲ್ಲಿ ಒಂದು ಪಾಲನ್ನು ವಾಪಸ್ ಕೇಳಬಹುದು. ನಿಮ್ಮ ಆದಾಯಕ್ಕೆ ಇದು ಹೊಂದುವುದಿಲ್ಲ, ಇದನ್ನು ಬಿಟ್ಟುಬಿಡೋಣ. ಇನ್ನೊಂದು ಗ್ಯಾರಂಟೀಡ್. ಬ್ಯಾಂಕ್ ಅಥವಾ ಮಾರ್ಟ್‌ಗೇಜ್ ಕಂಪನಿ ಸಾಲ ಕೊಡುತ್ತದೆ. ನೀವು ಕಟ್ಟದೆ ಹೋದರೆ ಆಗುವ ನಷ್ಟಕ್ಕೆ ಸರ್ಕಾರ ಶೇ. 90ರವರೆಗೆ ಗ್ಯಾರಂಟಿ ನಿಲ್ಲುತ್ತದೆ. ಅದಕ್ಕೇ ಲೆಂಡರ್‌ಗಳು ಡೌನ್ ಪೇಮೆಂಟ್ ಇಲ್ಲದೆಯೂ ಧೈರ್ಯವಾಗಿ ಕೊಡುತ್ತಾರೆ. 30 ವರ್ಷ, ಬದಲಾಗದ ಬಡ್ಡಿ, ಅಷ್ಟೇ. ಬೇರೆ ಆಯ್ಕೆ ಇಲ್ಲ. ಈ ಸಾಲ ಸಿಗುವುದು ಇಲಾಖೆ ಹಳ್ಳಿ ಎಂದು ಗುರುತಿಸಿದ ಪ್ರದೇಶದ ಮನೆಗೆ ಮಾತ್ರ. ಆದರೆ ಹೆಸರಲ್ಲಿ ಕೃಷಿ ಇಲಾಖೆ ಇದೆ ಎಂದು ನೀವು ರೈತರಾಗಿರಬೇಕಾಗಿಲ್ಲ. ಜಮೀನು ಉಳುವ ಷರತ್ತೂ ಇಲ್ಲ. ಉಲ್ಟಾ, ಜಮೀನಿನಿಂದ ದುಡಿಯುವ ಯೋಚನೆ ಇದ್ದರೆ ಈ ಸಾಲಕ್ಕೆ ಅದು ಅಡ್ಡಿ.

ಈಗ ತಮ್ಮನ ವಿಷಯ.

ಈ ಯೋಜನೆಯಲ್ಲಿ ಆದಾಯವನ್ನು ಎರಡು ಸಲ, ಎರಡು ಬೇರೆ ಕಾರಣಕ್ಕೆ ಲೆಕ್ಕ ಹಾಕುತ್ತಾರೆ. ತುಂಬಾ ಜನ ಎಡವುವುದು ಇಲ್ಲೇ. ಮೊದಲ ಲೆಕ್ಕ ಅರ್ಹತೆಗೆ. ಆ ಮನೆಯಲ್ಲಿ ವಾಸ ಮಾಡುವ ದೊಡ್ಡವರೆಲ್ಲರ ಆದಾಯವೂ ಇದಕ್ಕೆ ಸೇರುತ್ತದೆ. ಸಾಲದ ಕಾಗದಕ್ಕೆ ಅವರು ಸಹಿ ಹಾಕದಿದ್ದರೂ ಸೇರುತ್ತದೆ. ಎರಡನೇ ಲೆಕ್ಕ ಸಾಲ ತೀರಿಸುವ ಶಕ್ತಿಗೆ. ಅದಕ್ಕೆ ಸಾಲಗಾರರ ಆದಾಯ ಮಾತ್ರ ಸೇರುತ್ತದೆ. ನಿಮ್ಮ ತಮ್ಮ ಎಚ್-1ಬಿಯಲ್ಲಿ ಇರುವುದರಿಂದ ಈ ಸಾಲಕ್ಕೆ ಜೊತೆ ಸಾಲಗಾರ ಆಗಲು ಬರುವುದಿಲ್ಲ. ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಇರುವವರು, ಆಶ್ರಯ ಪಡೆದವರು, ಇಂಥವರಿಗೆ ಮಾತ್ರ ಅವಕಾಶ. ಅಂದರೆ ಅವನ 92,000 ಡಾಲರ್ ನಿಮ್ಮ ಅರ್ಹತೆಯನ್ನು ಕೆಡಿಸುತ್ತದೆ, ಆದರೆ ಕಂತು ಕಟ್ಟುವ ಲೆಕ್ಕದಲ್ಲಿ ಒಂದು ಪೈಸೆ ಸಹಾಯಕ್ಕೂ ಬರುವುದಿಲ್ಲ. (ಸರ್ಕಾರ ವಿಮೆ ಕೊಡುವ ಎಫ್‌ಎಚ್‌ಎ ಸಾಲ ನೋಡೋಣ ಎಂದು ಅವನು ಹೇಳಬಹುದು. 2025ರ ಮೇ 25ರಿಂದ ಆ ಬಾಗಿಲೂ ಎಚ್-1ಬಿಯವರಿಗೆ ಮುಚ್ಚಿದೆ. ಅವನಿಗೆ ಕನ್ವೆನ್ಷನಲ್, ಅಂದರೆ ಸರ್ಕಾರದ ಗ್ಯಾರಂಟಿ ಇಲ್ಲದ ಮಾಮೂಲಿ ಸಾಲದ ದಾರಿ ಇದೆ.)

ಅಂಕಿಗಳನ್ನೇ ನೋಡಿ. ಆದಾಯದ ಮಿತಿ ಆ ಪ್ರದೇಶದ ಮಧ್ಯಮ ಆದಾಯದ ಶೇ. 115. 2025ರ ಪಟ್ಟಿಯಲ್ಲಿ ದೇಶದ ಬಹುತೇಕ ಕೌಂಟಿಗಳಿಗೆ ಒಂದರಿಂದ ನಾಲ್ಕು ಜನರ ಮನೆಗೆ 119,850 ಡಾಲರ್, ಐದರಿಂದ ಎಂಟು ಜನರ ಮನೆಗೆ 158,250 ಡಾಲರ್. ದುಬಾರಿ ಊರುಗಳ ಸುತ್ತ ಇದಕ್ಕಿಂತ ಮೇಲಿರುತ್ತದೆ. ಚಾಥಮ್ ಕೌಂಟಿಯನ್ನು ಡರ್ಹಮ್, ಚಾಪೆಲ್ ಹಿಲ್ ಗುಂಪಿನ ಜೊತೆ ಸೇರಿಸಿ ಎಣಿಸುತ್ತಾರೆ. ಹಾಗಾಗಿ ಈ ವರ್ಷದ ಪಟ್ಟಿಯಲ್ಲಿ ಆ ಕೌಂಟಿಯ ಹೆಸರಿನ ಮುಂದಿರುವ ಅಂಕಿಯನ್ನೇ ಹುಡುಕಿ ನೋಡಿ. ನಾನು ಇಲ್ಲಿ ಕನಿಷ್ಠ ಮಿತಿ ಹಿಡಿದು ಲೆಕ್ಕ ಹಾಕುತ್ತೇನೆ. ಅದರೊಳಗೆ ಬಂದರೆ ಎಲ್ಲೂ ತೊಂದರೆಯಿಲ್ಲ.

ತಮ್ಮ ಜೊತೆಗಿದ್ದರೆ ನೀವು ಐದು ಜನ. ಒಟ್ಟು ಆದಾಯ 194,000. ಮಿತಿ 158,250. ಆಸುಪಾಸಿನಲ್ಲೂ ಇಲ್ಲ. ತಮ್ಮ ಇಲ್ಲದಿದ್ದರೆ ನೀವು ನಾಲ್ಕು ಜನ, ಆದಾಯ 102,000. ಅದರಲ್ಲೂ ಕಡಿತ ಇದೆ. 18 ವರ್ಷದೊಳಗಿನ ಪ್ರತಿ ಮಗುವಿಗೆ 480 ಡಾಲರ್, ಇಬ್ಬರಿಗೆ 960. ಜೊತೆಗೆ ನೀವಿಬ್ಬರೂ ಕೆಲಸಕ್ಕೆ ಹೋಗಲು ಡೇ ಕೇರ್‌ಗೆ ಕಟ್ಟುವ ದುಡ್ಡು, 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳದ್ದು, ರಸೀದಿ ಇದ್ದರೆ ಕಳೆಯಬಹುದು. ನೀವು ಮಿತಿಯೊಳಗೆ ಆರಾಮಾಗಿ ಬರುತ್ತೀರಿ.

ಹಾಗಾದರೆ ತಮ್ಮ ಬೇರೆ ಕಡೆ ಇರುತ್ತಾನೆ ಎಂದು ಬರೆದುಕೊಟ್ಟರೆ ಆಯಿತಲ್ವಾ? ಅವನು ನಿಜವಾಗಿ ಬೇರೆ ಮನೆ ಮಾಡಿದರೆ ಆಯಿತು. ಬಾಡಿಗೆ ಕರಾರು, ಅವನ ಹೊಸ ವಿಳಾಸ, ಎಲ್ಲ ಹೊಂದಿಕೆಯಾಗಬೇಕು. ಮುಂದಿನ ಹನ್ನೆರಡು ತಿಂಗಳು ಆ ಮನೆಯಲ್ಲಿ ಯಾರ್ಯಾರು ಇರುತ್ತಾರೆ ಎಂಬುದೇ ಅವರ ಪ್ರಶ್ನೆ. ಸುಮ್ನೆ ಕಾಗದಕ್ಕೆ ಮಾತ್ರ ಹೊರಗೆ ಹಾಕಿ, ಆಮೇಲೆ ಮೇಲಿನ ರೂಮಿನಲ್ಲಿ ಇಟ್ಟುಕೊಳ್ಳುವ ಯೋಚನೆ ಇದ್ದರೆ ಇಲ್ಲಿಗೇ ಬಿಟ್ಟುಬಿಡಿ. ಫೆಡರಲ್ ಸಾಲದ ಅರ್ಜಿಯಲ್ಲಿ ಸುಳ್ಳು ಹೇಳುವುದು ಅಪರಾಧ. ಗ್ರೀನ್ ಕಾರ್ಡ್‌ನಲ್ಲಿ ಇರುವವರು, ಮುಂದೆ ಸಿಟಿಜನ್‌ಶಿಪ್ ಅರ್ಜಿ ಹಾಕುವವರು, ಇಂಥ ಕಡೆ ಕೈ ಹಾಕಲೇಬಾರದು. ಇದನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮವರಲ್ಲಿ ಅಣ್ಣ ತಮ್ಮ ಒಟ್ಟಿಗೆ ಇರುವುದು ಸಹಜ. ಆದರೆ ಈ ಸಾಲದ ಲೆಕ್ಕದಲ್ಲಿ ಆ ಸಹಜತೆಗೆ ಬೆಲೆ ತೆರಬೇಕಾಗುತ್ತದೆ. ಊರಿಂದ ವಿಸಿಟರ್ ವೀಸಾದಲ್ಲಿ ಬಂದು ಹೋಗುವ ಅಪ್ಪ ಅಮ್ಮನ ಬಗ್ಗೆ ಚಿಂತೆ ಬೇಡ, ಅತಿಥಿಗಳನ್ನು ಮನೆಮಂದಿ ಎಂದು ಎಣಿಸುವುದಿಲ್ಲ.

ದಾವಣಗೆರೆಯ ಸೈಟ್ ಬಗ್ಗೆ. ಇಲ್ಲೊಂದು ಹೆಚ್ಚು ಜನರಿಗೆ ಗೊತ್ತಿಲ್ಲದ ನಿಯಮವಿದೆ. ಮಾಮೂಲಿ ಕನ್ವೆನ್ಷನಲ್ ಸಾಲ ಪಡೆಯುವ ಶಕ್ತಿ ಇರುವವರಿಗೆ ಈ ಸಾಲ ಇಲ್ಲ. ಅಂದರೆ ಶೇ. 20 ಡೌನ್ ಪೇಮೆಂಟ್‌ಗೆ ಬೇಕಾದ ನಿಮ್ಮದೇ ನಗದು, ಅದರ ಮೇಲೆ ಕ್ಲೋಸಿಂಗ್ (ಖರೀದಿ ಮುಗಿಸುವ) ಖರ್ಚು, ಒಳ್ಳೆಯ ಕ್ರೆಡಿಟ್ ಚರಿತ್ರೆ, ಸಾಲದ ಹೊರೆಯೂ ಮಿತಿಯಲ್ಲಿ, ಇವೆಲ್ಲ ಒಟ್ಟಿಗೆ ಇದ್ದರೆ ನಿಮ್ಮನ್ನು ಆ ಕಡೆ ಕಳಿಸುತ್ತಾರೆ. ರಿಟೈರ್‌ಮೆಂಟ್ ಖಾತೆಯಲ್ಲಿರುವ ದುಡ್ಡನ್ನು ಇದಕ್ಕೆ ಎಣಿಸುವುದಿಲ್ಲ. 320,000ಕ್ಕೆ ಶೇ. 20 ಅಂದರೆ 64,000 ಡಾಲರ್. ಸೈಟ್ ಮಾರಿದ ಹಣ ಅಷ್ಟು ದೊಡ್ಡದಾಗಿ ನಿಮ್ಮ ಖಾತೆಗೆ ಬಂದು ಕೂತರೆ ಪ್ರಶ್ನೆ ಬರುತ್ತದೆ. ಆದರೆ ನನ್ನನ್ನು ಕೇಳಿದರೆ ಅದು ಕೆಟ್ಟ ಸುದ್ದಿಯಲ್ಲ. ಅಷ್ಟು ಹಣ ನಿಜವಾಗಿ ಬರುವುದಾದರೆ ಕನ್ವೆನ್ಷನಲ್ ಸಾಲವನ್ನೇ ನೋಡಿ. ಅದರಲ್ಲಿ ಗ್ಯಾರಂಟಿ ಫೀ ಇಲ್ಲ, ಹಳ್ಳಿ ಪಟ್ಟಣ ಎಂಬ ಗಡಿ ಇಲ್ಲ, ತಮ್ಮನೂ ಜೊತೆಗೆ ಇರಬಹುದು. ಬರುವುದು ಹತ್ತು ಹದಿನೈದು ಸಾವಿರ ಮಾತ್ರ ಎಂದಾದರೆ ಅಡ್ಡಿಯಿಲ್ಲ. ಕ್ಲೋಸಿಂಗ್ ಖರ್ಚಿಗೆ, ಆಪತ್ತಿಗೆ ಇಟ್ಟುಕೊಳ್ಳಿ. ಅಪ್ಪನಿಂದ ಗಿಫ್ಟ್ ಲೆಟರ್ ಬರೆಸಿ, ಮಾರಿದ ಕಾಗದದಿಂದ ನಿಮ್ಮ ಖಾತೆಯವರೆಗೆ ಹಣದ ಜಾಡು ಪೂರ್ತಿ ತೋರಿಸುವ ಹಾಗೆ ದಾಖಲೆ ಜೋಡಿಸಿಕೊಳ್ಳಿ.

ಈಗ ಮನೆಗಳು. ಮೊದಲನೆಯದು, ಚಾಪೆಲ್ ಹಿಲ್ ವಿಳಾಸದ್ದು.

ಊರಲ್ಲಿ ನಾವು ಗ್ರಾಮ ಪಂಚಾಯಿತಿ ಗಡಿ ನೋಡಿ ಹಳ್ಳಿ ಎನ್ನುತ್ತೇವೆ. ಯುಎಸ್‌ಡಿಎ ನೋಡುವುದು ಜನಸಂಖ್ಯೆ ಮತ್ತು ನಗರಕ್ಕಿರುವ ನಂಟನ್ನು. 2,500ರೊಳಗಿನ ಊರು, 10,000ದೊಳಗಿದ್ದು ಹಳ್ಳಿಯ ಲಕ್ಷಣ ಉಳಿಸಿಕೊಂಡ ಊರು, ಊರುಗಳ ಹೊರಗಿನ ಬಯಲು ಪ್ರದೇಶ, ಇವು ಸಾಮಾನ್ಯವಾಗಿ ಸೇರುತ್ತವೆ. ದೊಡ್ಡ ನಗರಗಳ ಗುಂಪಿನಿಂದ ಹೊರಗಿದ್ದು, ಸಾಲ ಸಿಗುವುದು ಕಷ್ಟ ಇರುವ ಕಡೆ 20,000ದವರೆಗೂ ಸೇರಬಹುದು. ಹಿಂದೆ ಹಳ್ಳಿ ಎಂದು ಗುರುತಿಸಿದ್ದ ಕೆಲವು ಊರುಗಳು 35,000ದವರೆಗೆ ಬೆಳೆದರೂ ಷರತ್ತಿನ ಮೇಲೆ ಉಳಿದುಕೊಂಡಿವೆ. ನಗರಕ್ಕೆ ಅಂಟಿಕೊಂಡ ಬಡಾವಣೆ ಸೇರುವುದಿಲ್ಲ, ಅಲ್ಲಿ ನಾಲ್ಕು ಮನೆ ಇದ್ದರೂ ಸರಿ.

ಚಾಥಮ್‌ನಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. 2020ರ ಜನಗಣತಿಯಲ್ಲಿ ಪಿಟ್ಸ್‌ಬರೋದಲ್ಲಿ ಸುಮಾರು 4,500 ಜನ, ಸೈಲರ್ ಸಿಟಿಯಲ್ಲಿ ಸುಮಾರು 7,700. ಎರಡೂ 10,000ದ ಒಳಗೆ. ಆದರೆ ಕೌಂಟಿಯ ಪೂರ್ವದಲ್ಲಿ, ಜಾರ್ಡನ್ ಲೇಕ್ ಕಡೆ, ಕ್ಯಾರಿ ಪಟ್ಟಣದ ಗಡಿ ವೇಕ್ ಕೌಂಟಿ ದಾಟಿ ಚಾಥಮ್‌ನೊಳಗೆ ಬಂದಿದೆ. ಕ್ಯಾರಿಯಲ್ಲಿ ಆಗಲೇ 1.74 ಲಕ್ಷ ಜನ ಇದ್ದರು. ಅಲ್ಲಿ ಕೊಂಡರೆ ನಿಮ್ಮ ಮನೆ ಚಾಥಮ್ ಕೌಂಟಿಯದ್ದೇ, ಕೌಂಟಿ ತೆರಿಗೆಯೂ ಚಾಥಮ್‌ಗೇ, ಆದರೆ ಈ ಸಾಲಕ್ಕೆ ಅರ್ಹವಲ್ಲ. ಉತ್ತರದಲ್ಲಿ, 15-501 ರಸ್ತೆಯ ಆಸುಪಾಸಿನಲ್ಲಿ, ಇನ್ನೊಂದು ಗೊಂದಲ. ಅಲ್ಲಿನ ಎಷ್ಟೋ ಮನೆಗಳಿಗೆ ಅಂಚೆ ವಿಳಾಸ ಚಾಪೆಲ್ ಹಿಲ್. ಪಟ್ಟಣದ ಗಡಿ ಮಾತ್ರ ಮೈಲುಗಟ್ಟಲೆ ದೂರ. ಅಂಚೆಯವರು ತಮ್ಮ ಅನುಕೂಲಕ್ಕೆ ಹಾಕಿದ ಹೆಸರು ಅದು. ಸುಮಾರು 62,000 ಜನರ ಚಾಪೆಲ್ ಹಿಲ್ ಪಟ್ಟಣ ಅರ್ಹವಲ್ಲ. ಅದೇ ಹೆಸರಿನ ವಿಳಾಸವಿರುವ ಚಾಥಮ್‌ನ ಮನೆ ಅರ್ಹವಾಗಿರಬಹುದು, ಆಗದೆಯೂ ಇರಬಹುದು.

ಅದಕ್ಕೆ ಜಿಪ್ ಕೋಡ್ ನಂಬಬೇಡಿ, ಜಾಹೀರಾತಿನಲ್ಲಿ ಬರೆದ “ಯುಎಸ್‌ಡಿಎ ಎಲಿಜಿಬಲ್” ಎಂಬುದನ್ನೂ ನಂಬಬೇಡಿ. ಯುಎಸ್‌ಡಿಎ ತನ್ನ ವೆಬ್‌ಸೈಟಿನಲ್ಲಿ ಅರ್ಹತೆಯ ಮ್ಯಾಪ್ ಇಟ್ಟಿದೆ. ಅದರಲ್ಲಿ ಸಿಂಗಲ್ ಫ್ಯಾಮಿಲಿ ಹೌಸಿಂಗ್ ಗ್ಯಾರಂಟೀಡ್ ಎಂಬುದನ್ನೇ ಆರಿಸಿ, ಬೇರೆ ಯೋಜನೆಗಳ ಮ್ಯಾಪ್ ಬೇರೆ ಇರುತ್ತದೆ. ಪೂರ್ತಿ ವಿಳಾಸ ಹಾಕಿ. ಆಮೇಲೆ ಜೂಮ್ ಮಾಡಿ, ಗುರುತಿನ ಸೂಜಿ ನಿಜವಾಗಿ ಆ ಮನೆಯ ಮೇಲೇ ಕೂತಿದೆಯಾ ನೋಡಿ. ಹಳ್ಳಿ ಕಡೆ ವಿಳಾಸ ಹಾಕಿದರೆ ಸೂಜಿ ಮುಖ್ಯ ರಸ್ತೆಯ ಮೇಲೆ ಬಿದ್ದಿರುತ್ತದೆ, ಮನೆ ಒಳಗೆ ಕಾಲು ಮೈಲಿ ದೂರದಲ್ಲಿರುತ್ತದೆ. ಗಡಿ ಆ ಎರಡರ ನಡುವೆ ಹಾದುಹೋಗಿದ್ದರೆ ಉತ್ತರವೇ ಬದಲಾಗುತ್ತದೆ. ಗಡಿಯ ಹತ್ತಿರದ ಮನೆಯಾದರೆ ಕೌಂಟಿಯ ಜಿಐಎಸ್, ಅಂದರೆ ಆಸ್ತಿಗಳ ಗಡಿ ತೋರಿಸುವ, ಮ್ಯಾಪ್‌ನಲ್ಲಿ ಸೈಟಿನ ಮೂಲೆಗಳನ್ನು ನೋಡಿ, ಲೆಂಡರ್ ಮೂಲಕ ಬರಹದಲ್ಲಿ ಖಚಿತ ಮಾಡಿಕೊಳ್ಳಿ. ಆ ದಿನಾಂಕದ ಮ್ಯಾಪ್ ಪುಟವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ಪಿಟ್ಸ್‌ಬರೋ ಪಕ್ಕದ ಚಾಥಮ್ ಪಾರ್ಕ್‌ನಂಥ ದೊಡ್ಡ ಬಡಾವಣೆಗಳು ಏಳುತ್ತಿರುವ ಕೌಂಟಿ ಇದು. ಇವತ್ತಿನ ಗಡಿ ಮುಂದೆಯೂ ಹೀಗೇ ಇರುತ್ತದೆ ಎಂದು ಯಾರೂ ಹೇಳಲಾರರು. ಸಾಲ ತಗೊಂಡ ಮೇಲೆ ಗಡಿ ಬದಲಾದರೆ ನಿಮಗೇನೂ ಆಗುವುದಿಲ್ಲ, ಸಾಲ ಮುಂದುವರಿಯುತ್ತದೆ.

ಎರಡನೇ ಮನೆ, ಸೈಲರ್ ಸಿಟಿಯದ್ದು. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ನಿಮಗೆ ಹೊಂದುವುದು ಇದೇ ಅನ್ನಿಸುತ್ತದೆ.

ಕೋಳಿ ಶೆಡ್‌ನಿಂದ ಶುರು ಮಾಡೋಣ. ಸೈಲರ್ ಸಿಟಿ ಸುತ್ತ ಕೋಳಿ ಉದ್ಯಮ ಹಳೆಯದು, ಇಂಥ ಶೆಡ್‌ಗಳು ಮನೆಗಳ ಹಿಂದೆ ಉಳಿದುಕೊಂಡಿರುತ್ತವೆ. ನಿಯಮ ಹೀಗಿದೆ: ಆದಾಯಕ್ಕಾಗಿ ನಡೆಸುವ ಕೊಟ್ಟಿಗೆ, ಶೆಡ್, ಗ್ರೀನ್‌ಹೌಸ್ ಇರುವ ಆಸ್ತಿಗೆ ಸಾಲ ಇಲ್ಲ. ಆದರೆ ವ್ಯಾಪಾರಕ್ಕೆ ಬಳಸುವುದು ನಿಂತುಹೋಗಿ, ಇನ್ನು ಮುಂದೆ ಸಾಮಾನು ಇಡಲು ಮಾತ್ರ ಬಳಸುವ ಶೆಡ್ ಇದ್ದರೆ ಅಡ್ಡಿಯಿಲ್ಲ. ಒಟ್ಟಾರೆ ಆಸ್ತಿ ವಾಸದ ಮನೆಯ ಹಾಗೇ ಕಾಣಬೇಕು, ಹಾಗೇ ಬಳಕೆಯಲ್ಲಿರಬೇಕು. ಆದ್ದರಿಂದ ಎರಡು ಪ್ರಶ್ನೆ ಕೇಳಿ. ಆ ಶೆಡ್‌ಗೆ ಕೋಳಿ ಕಂಪನಿಯ ಕರಾರು ಏನಾದರೂ ಇನ್ನೂ ಜೀವಂತ ಇದೆಯಾ? ಆರು ಎಕರೆಯಲ್ಲಿ ಯಾರಿಗಾದರೂ ಹುಲ್ಲಿಗೋ ಬೆಳೆಗೋ ಗುತ್ತಿಗೆ ಕೊಟ್ಟಿದ್ದಾರಾ? ಇದ್ದರೆ ಮಾರುವ ಮುಂಚೆ ಅದು ಮುಗಿಯಬೇಕು. ನೀವು ಮನೆ ಮಟ್ಟಿಗೆ ನಾಲ್ಕು ಕೋಳಿ ಸಾಕಿ, ಹಿತ್ತಲಲ್ಲಿ ಬದನೆ, ಮೆಂತ್ಯ ಬೆಳೆದು, ಉಳಿದದ್ದನ್ನು ಅಲ್ಪಸ್ವಲ್ಪ ಮಾರಿದರೆ ಯಾರೂ ಬೇಡ ಅನ್ನುವುದಿಲ್ಲ. ಆರು ಎಕರೆ ಜಾಸ್ತಿಯಾಯಿತಾ? ಎಕರೆಗೆ ಒಂದು ನಿಗದಿತ ಮಿತಿ ಇಲ್ಲ. ಆ ಪ್ರದೇಶದಲ್ಲಿ ಅಷ್ಟು ಜಾಗ ಮಾಮೂಲಿ ಎಂದು ಅಪ್ರೈಸರ್, ಅಂದರೆ ಮನೆಗೆ ಬೆಲೆ ಕಟ್ಟುವವರು, ತೋರಿಸಬೇಕು. ಸೈಲರ್ ಸಿಟಿ ಹೊರಗೆ ಅದು ಕಷ್ಟವಾಗಲಾರದು.

ನನಗೆ ನಿಜವಾಗಿ ಚಿಂತೆ ಇರುವುದು ಸೆಪ್ಟಿಕ್ ಬಗ್ಗೆ. ಚಾಥಮ್‌ನ ಮಣ್ಣು ಬಹಳ ಕಡೆ ಜೇಡಿ. ಕೌಂಟಿಯ ಪೂರ್ವ ಭಾಗದ ಮಣ್ಣಂತೂ ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವಂಥದ್ದು. ಇಂಥ ನೆಲದಲ್ಲಿ ಕೊಳೆನೀರು ಇಂಗುವುದು ನಿಧಾನ. ಹಾಗಾಗಿ ಎಷ್ಟು ನೀರಿಗೆ ಅನುಮತಿ ಎಂಬುದು ಇಲ್ಲಿ ದೊಡ್ಡ ವಿಷಯ. ನಾರ್ತ್ ಕ್ಯಾರೊಲೈನಾದಲ್ಲಿ ಸೆಪ್ಟಿಕ್ ಅಳತೆ ಮಾಡುವುದು ಬೆಡ್‌ರೂಮ್ ಲೆಕ್ಕದಲ್ಲಿ. ಒಂದು ಬೆಡ್‌ರೂಮ್‌ಗೆ ದಿನಕ್ಕೆ 120 ಗ್ಯಾಲನ್. ಮೂರು ಬೆಡ್‌ರೂಮ್‌ಗೆ 360, ನಾಲ್ಕಕ್ಕೆ 480. ನಿಮ್ಮ ಮನೆ ನಾಲ್ಕು ಬೆಡ್‌ರೂಮ್ ಎಂದು ಜಾಹೀರಾತು ಹೇಳುತ್ತದೆ. ಕೌಂಟಿಯ ಎನ್ವಿರಾನ್‌ಮೆಂಟಲ್ ಹೆಲ್ತ್ ಕಚೇರಿಯಲ್ಲಿರುವ ಪರ್ಮಿಟ್ ಏನು ಹೇಳುತ್ತದೆ? ಹಳೇ ಮನೆಗೆ ಯಾರೋ ಗ್ಯಾರೇಜ್ ಮುಚ್ಚಿ ಒಂದು ರೂಮ್ ಮಾಡಿಕೊಂಡು, ಪರ್ಮಿಟ್ ಮಾತ್ರ ಮೂರಕ್ಕೇ ಉಳಿದಿರುವುದು ತುಂಬಾ ಸಾಮಾನ್ಯ. ಆಗ ಅಪ್ರೈಸರ್ ಅದನ್ನು ಮೂರು ಬೆಡ್‌ರೂಮ್ ಎಂದು ಬೆಲೆ ಕಟ್ಟಬಹುದು, ಬೆಲೆ ಇಳಿಯುತ್ತದೆ. ಡೌನ್ ಪೇಮೆಂಟ್ ಇಲ್ಲದ ಸಾಲದಲ್ಲಿ ಬೆಲೆ ಇಳಿದರೆ ಆ ಅಂತರ ನಿಮ್ಮ ಜೇಬಿನಿಂದ ಬರಬೇಕು, ಇಲ್ಲವೇ ಮಾರುವವರು ಇಳಿಸಬೇಕು. ಆ ಪರ್ಮಿಟ್ ಹೆಸರು ಆಪರೇಷನ್ ಪರ್ಮಿಟ್. ಅದು ಸಾರ್ವಜನಿಕ ದಾಖಲೆ, ಕೇಳಿದರೆ ಕೊಡುತ್ತಾರೆ. ಜೊತೆಗೆ ನಕ್ಷೆಯೂ ಇರುತ್ತದೆ. ಕೊಳೆನೀರು ಇಂಗುವ ಡ್ರೈನ್ ಫೀಲ್ಡ್ ಎಲ್ಲಿದೆ, ರಿಪೇರಿಗೆ ಬಿಟ್ಟ ಜಾಗ ಎಲ್ಲಿದೆ, ಬೋರ್‌ವೆಲ್‌ನಿಂದ ಎಷ್ಟು ದೂರ ಎಂದು ಅದರಲ್ಲಿ ನೋಡಿ. ಆ ಶೆಡ್ಡೇ ರಿಪೇರಿ ಜಾಗದ ಮೇಲೆ ಕೂತಿದ್ದರೆ ಮುಂದೆ ತಲೆನೋವು.

ಬೋರ್‌ವೆಲ್ ನೀರಿಗೆ ಪರೀಕ್ಷೆ ಬೇಕೇ ಬೇಕು, ಸಾಲಕ್ಕೂ ನಿಮ್ಮ ಮಕ್ಕಳಿಗೂ. ರಸ್ತೆಯಿಂದ ಮನೆಗೆ ಹೋಗುವ ದಾರಿ ಬೇರೆಯವರ ಜಾಗದ ಮೇಲೆ ಹಾದಿದ್ದರೆ ನೋಂದಾಯಿತ ಈಸ್‌ಮೆಂಟ್ (ದಾರಿ ಹಕ್ಕು) ಇರಬೇಕು. ಬಾಯಿಮಾತಿನ ಒಪ್ಪಿಗೆ ಸಾಲದು. ಉಳಿದ ಷರತ್ತುಗಳು, ಛಾವಣಿ ಸೋರಬಾರದು, ಹೀಟಿಂಗ್ ಕೆಲಸ ಮಾಡಬೇಕು ಇತ್ಯಾದಿ, ಎಫ್‌ಎಚ್‌ಎ ಮಟ್ಟದವೇ. ಅಪ್ರೈಸರ್ ನೋಡುತ್ತಾರೆ. ಆದರೆ ಅಪ್ರೈಸಲ್ ಬೇರೆ, ನೀವು ಮಾಡಿಸಬೇಕಾದ ಹೋಮ್ ಇನ್‌ಸ್ಪೆಕ್ಷನ್ ಬೇರೆ. ಎರಡನ್ನೂ ಮಾಡಿಸಿ.

ದುಡ್ಡಿನ ಲೆಕ್ಕ. ಈ ಸಾಲಕ್ಕೆ ಶೇ. 1 ಗ್ಯಾರಂಟಿ ಫೀ ಇದೆ, ಅದನ್ನು ಸಾಲಕ್ಕೇ ಸೇರಿಸಬಹುದು. 320,000ದ ಮನೆಗೆ ಒಟ್ಟು ಸಾಲ ಸುಮಾರು 323,232 ಆಗುತ್ತದೆ. ವರ್ಷಕ್ಕೆ ಶೇ. 0.35 ಇನ್ನೊಂದು ಫೀ, ಮೊದಲ ವರ್ಷ ತಿಂಗಳಿಗೆ 94 ಡಾಲರ್ ಹತ್ತಿರ. ಎಫ್‌ಎಚ್‌ಎ ಆದರೆ ಶೇ. 3.5 ಡೌನ್ ಪೇಮೆಂಟ್, ಅಂದರೆ 11,200 ಡಾಲರ್ ಕೈಯಿಂದ, ಮೇಲೆ ಶೇ. 1.75 ಫೀ. ಹಾಗಾಗಿ ಫೀ ಮಟ್ಟಿಗೆ ಯುಎಸ್‌ಡಿಎ ಅಗ್ಗ. ಕಂತಿನ ಮಾತಿಗೆ ಬಂದರೆ ಬಡ್ಡಿ ಶೇ. 6.5 ಎಂದಿಟ್ಟುಕೊಳ್ಳೋಣ. ಅಸಲು ಬಡ್ಡಿ ತಿಂಗಳಿಗೆ ಸುಮಾರು 2,043. ಫೀ ಸೇರಿ 2,137. ಮನೆ ಖರ್ಚು ಒಟ್ಟು ಆದಾಯದ ಶೇ. 29 ದಾಟಬಾರದು ಎಂಬುದು ಮಾಮೂಲಿ ಅಳತೆ. ನಿಮ್ಮಿಬ್ಬರ ತಿಂಗಳ ಆದಾಯ 8,500, ಅದರ ಶೇ. 29 ಅಂದರೆ 2,465. ಆಸ್ತಿ ತೆರಿಗೆ ಮತ್ತು ವಿಮೆಗೆ ಉಳಿಯುವುದು 328 ಡಾಲರ್ ಮಾತ್ರ. ಬಿಗಿಯಾಗಿದೆ. ಕ್ರೆಡಿಟ್ ಚೆನ್ನಾಗಿದ್ದು, ಕೈಯಲ್ಲಿ ಸ್ವಲ್ಪ ಉಳಿತಾಯ ಇದ್ದರೆ ಶೇ. 29ರ ಮೇಲೂ ಒಪ್ಪುತ್ತಾರೆ, ಆದರೆ ಅದನ್ನೇ ನಂಬಿ ಹೋಗಬೇಡಿ. ಇದು ಹೆಂಡತಿಯ 24,000ವನ್ನು ಪೂರ್ತಿ ಎಣಿಸಿದರೆ ಮಾತ್ರ. ಅವರ ಕೆಲಸ ಹೊಸದಾಗಿದ್ದರೆ ಅಥವಾ ಗಂಟೆ ಲೆಕ್ಕದಲ್ಲಿ ಏರುಪೇರಾಗುತ್ತಿದ್ದರೆ ಲೆಂಡರ್ ಅಷ್ಟನ್ನೂ ಎಣಿಸದೆ ಇರಬಹುದು. ಮೊದಲೇ ಕೇಳಿ.

ಇನ್ನೊಂದು ಮಿತಿ ಎಲ್ಲ ಸಾಲದ ಕಂತು ಸೇರಿ ಆದಾಯದ ಶೇ. 41. ಸೈಲರ್ ಸಿಟಿಯಿಂದ ಮಾರಿಸ್ವಿಲ್‌ಗೆ 64ನೇ ಹೆದ್ದಾರಿಯಲ್ಲಿ ದಿನಾ ಓಡಾಡಬೇಕು ಎಂದು ಎರಡನೇ ಕಾರು ತಗೊಳ್ಳುವ ಆಲೋಚನೆ ಬರುತ್ತದೆ. ಮನೆ ಕ್ಲೋಸ್ ಆಗುವವರೆಗೆ ಆ ಕಾರು ಸಾಲಕ್ಕೆ ಕೈ ಹಾಕಬೇಡಿ. ತಿಂಗಳಿಗೆ 500 ಡಾಲರ್ ಕಾರಿನ ಕಂತು ನಿಮ್ಮ ಲೆಕ್ಕವನ್ನೇ ತಿರುಗಿಸಿಬಿಡುತ್ತದೆ. ಕ್ಲೋಸಿಂಗ್ ಖರ್ಚಿಗೆ ಮಾರುವವರು ಬೆಲೆಯ ಶೇ. 6ರವರೆಗೆ ಕೊಡಬಹುದು, ಅದನ್ನು ಆಫರ್‌ನಲ್ಲೇ ಕೇಳಿ.

ಕೊನೆಗೆ ಸಮಯದ ವಿಷಯ. ಲೆಂಡರ್ ಒಪ್ಪಿದ ಮೇಲೆ ಕಡತ ಯುಎಸ್‌ಡಿಎ ಕಚೇರಿಗೆ ಹೋಗುತ್ತದೆ. ಅವರು ಕಂಡಿಷನಲ್ ಕಮಿಟ್‌ಮೆಂಟ್, ಅಂದರೆ ಷರತ್ತಿನ ಒಪ್ಪಿಗೆ, ಕೊಟ್ಟ ಮೇಲೇ ಕ್ಲೋಸಿಂಗ್. ಹಾಗಾಗಿ ಬೇರೆ ಸಾಲಗಳಿಗಿಂತ ಕೆಲವು ದಿನ ಹೆಚ್ಚು ಬೇಕು, ಕರಾರಿನಲ್ಲಿ ಅಷ್ಟು ಅವಧಿ ಇಟ್ಟುಕೊಳ್ಳಿ. ಫೆಡರಲ್ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. 2025ರಲ್ಲಿ ಅದೇ ದಿನದಿಂದ ನವೆಂಬರ್ 12ರವರೆಗೆ ಸರ್ಕಾರ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಹೊಸ ಕಮಿಟ್‌ಮೆಂಟ್ ಹೊರಡುವುದಿಲ್ಲ, ಕಡತ ಸುಮ್ಮನೆ ಕೂರುತ್ತದೆ. ಸೆಪ್ಟೆಂಬರ್ ಕೊನೆಗೆ ಕ್ಲೋಸಿಂಗ್ ಬೀಳುವ ಹಾಗಿದ್ದರೆ ಇದನ್ನು ಏಜೆಂಟ್ ಹತ್ತಿರ ಮಾತಾಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಮೂರೇ ಕೆಲಸ ಮಾಡುತ್ತಿದ್ದೆ. ತಮ್ಮನ ಜೊತೆ ಕೂತು ಅವನು ಬೇರೆ ಮನೆ ಮಾಡುತ್ತಾನಾ ಎಂದು ನೇರವಾಗಿ ಮಾತಾಡುತ್ತಿದ್ದೆ. ಅವನು ಒಪ್ಪಿದರೆ ಎರಡೂ ಮನೆಯ ವಿಳಾಸವನ್ನು ಮ್ಯಾಪ್‌ನಲ್ಲಿ ಹಾಕುತ್ತಿದ್ದೆ. ಆಮೇಲೆ ಸೈಲರ್ ಸಿಟಿ ಮನೆಯ ಸೆಪ್ಟಿಕ್ ಪರ್ಮಿಟ್ ತರಿಸುತ್ತಿದ್ದೆ. ಅವನು ಒಪ್ಪದಿದ್ದರೆ ದಾವಣಗೆರೆಯ ಸೈಟ್ ಎಷ್ಟಕ್ಕೆ ಹೋಗುತ್ತದೆ ಎಂದು ಅಪ್ಪನಿಗೆ ಫೋನ್ ಮಾಡಿ, ಕನ್ವೆನ್ಷನಲ್ ಸಾಲದ ಲೆಕ್ಕ ಹಾಕಿ.